ಹೊಲದ ವ್ಯಾಜ್ಯ ಕೋರ್ಟಿಗೆ ಹೋದ ಮೇಲೆ

(ಬಾಗಲಕೋಟೆಯ ನವನಗರದಲ್ಲಿ ರೈತ ಕುಟುಂಬದವರು ಮತ್ತು ಕಾನೂನು ವಿದ್ಯಾರ್ಥಿಗಳ ಎದುರು ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆಯಲಾಗಿದೆ.)

ಹಿರಿಯರೆ, ತಾಯಂದಿರೆ, ವಿದ್ಯಾರ್ಥಿ ಮಿತ್ರರೆ,

ವ್ಯಾಜ್ಯಗಳು ನ್ಯಾಯಾಲಯದ ಮೂಲಕ ಇತ್ಯರ್ಥವಾಗುವ ಬಗೆಯನ್ನು ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಇದು ದೊಡ್ಡ ವಿಷಯ. ಕ್ರಿಮಿನಲ್ ಪ್ರಕರಣ, ಚೆಕ್ ಬೌನ್ಸ್, ಜೀವನಾಂಶ, ಅಪಘಾತ ಪರಿಹಾರ ಎಲ್ಲವೂ ಇದರೊಳಗೆ ಬರುತ್ತವೆ. ಅವನ್ನೆಲ್ಲ ಬದಿಗಿಟ್ಟು, ನಮ್ಮ ಭಾಗದ ರೈತರನ್ನು ಕೋರ್ಟಿನ ಮೆಟ್ಟಿಲು ಹತ್ತಿಸುವ ಎರಡು ಬಗೆಯ ವ್ಯಾಜ್ಯಗಳನ್ನಷ್ಟೇ ನಾನು ಎತ್ತಿಕೊಳ್ಳುತ್ತೇನೆ. ಒಂದು, ಅಣ್ಣತಮ್ಮ ಅಕ್ಕತಂಗಿಯರ ನಡುವಿನ ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ದಾವೆ. ಇನ್ನೊಂದು, ಆಲಮಟ್ಟಿ ಹಿನ್ನೀರಿಗೆ, ಕಾಲುವೆಗೆ, ಪುನರ್ವಸತಿ ಕೇಂದ್ರಕ್ಕೆ ಜಮೀನು ಕೊಟ್ಟವರ ಪರಿಹಾರದ ವ್ಯಾಜ್ಯ. ಈ ನವನಗರವೇ ಮುಳುಗಡೆಯಿಂದ ಹುಟ್ಟಿದ ಊರಾದ್ದರಿಂದ ಎರಡನೆಯದರ ಬಗ್ಗೆ ನಿಮಗೆ ನಾನು ಪೀಠಿಕೆ ಹಾಕಬೇಕಾಗಿಲ್ಲ.

ಈ ಎರಡೂ ವ್ಯಾಜ್ಯಗಳಿಗೆ ಸಮಾನವಾದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಸಿವಿಲ್ ನ್ಯಾಯಾಲಯ ತಾನಾಗಿ ಹೋಗಿ ಸತ್ಯವನ್ನು ಹುಡುಕುವ ಸಂಸ್ಥೆಯಲ್ಲ. ಕಕ್ಷಿದಾರರು ತನ್ನ ಮುಂದೆ ಏನು ಹೇಳಿದ್ದಾರೆ, ಹೇಳಿದ್ದರಲ್ಲಿ ಎಷ್ಟನ್ನು ಸಾಬೀತು ಮಾಡಿದ್ದಾರೆ, ಮತ್ತು ಯಾವ ಪರಿಹಾರವನ್ನು ಕೇಳಿದ್ದಾರೆ ಎಂಬ ಮೂರನ್ನು ಮಾತ್ರ ಅದು ನೋಡುತ್ತದೆ. ಆದ್ದರಿಂದ ದಾವೆಯ ಗತಿ ಬಹುಮಟ್ಟಿಗೆ ಅದರ ಮೊದಲ ಕಾಗದದಲ್ಲಿಯೇ ಗೊತ್ತಾಗಿಹೋಗಿರುತ್ತದೆ, ಅದು ತಿಳಿಯುವುದು ಮಾತ್ರ ಹತ್ತಾರು ವರ್ಷಗಳ ಮೇಲೆ.

ಊರ ಪಂಚರ ಮುಂದೆ ನಡೆಯುವ ನ್ಯಾಯಕ್ಕೂ ಕೋರ್ಟಿನಲ್ಲಿ ನಡೆಯುವ ನ್ಯಾಯಕ್ಕೂ ಇರುವ ಅಂತರವೇ ಇದು. ಪಂಚರಿಗೆ ಹೊಲ ಗೊತ್ತು, ಬದು ಗೊತ್ತು, ಬಾವಿಯ ನೀರಿನ ಪಾಳಿ ಯಾರದೆಂಬುದು ಗೊತ್ತು, ಅಜ್ಜ ಹಿರಿಮಗನಿಗೆ ಎರಡು ಎಕರೆ ಹೆಚ್ಚು ಬಿಟ್ಟುಕೊಟ್ಟದ್ದು ಏಕೆಂಬುದೂ ಗೊತ್ತು. ನ್ಯಾಯಾಧೀಶರಿಗೆ ಇದಾವುದೂ ಗೊತ್ತಿರುವುದಿಲ್ಲ. ಒಂದು ವೇಳೆ ಗೊತ್ತಿದ್ದರೂ ಆ ಖಾಸಗಿ ತಿಳಿವಳಿಕೆಯ ಮೇಲೆ ಅವರು ತೀರ್ಪು ಬರೆಯುವಂತಿಲ್ಲ. "ಇಡೀ ಊರಿಗೇ ಗೊತ್ತಿರುವ ಮಾತು, ಸಾಹೇಬರಿಗೆ ಹೇಗೆ ತಿಳಿಯಲಿಲ್ಲ" ಎಂದು ಸೋತವರು ಕೋರ್ಟಿನ ಆವರಣದಲ್ಲಿ ಹೇಳಿಕೊಳ್ಳುವುದನ್ನು ನಾವು ವಕೀಲರು ಮತ್ತೆ ಮತ್ತೆ ಕೇಳಿದ್ದೇವೆ. ಊರಿಗೆ ಗೊತ್ತಿದ್ದದ್ದು ಕಾಗದದ ರೂಪದಲ್ಲಿಯೋ ಸಾಕ್ಷಿಯ ಬಾಯಿಂದಲೋ ಕಡತಕ್ಕೆ ಬಂದಿರಲಿಲ್ಲ, ಅಷ್ಟೇ ಅದರ ಉತ್ತರ.

ವಾದಪತ್ರದಲ್ಲಿ ಹೇಳದ ಸಂಗತಿಗೆ ಎಷ್ಟೇ ಸಾಕ್ಷ್ಯ ತಂದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಕೇಳದ ಪರಿಹಾರವನ್ನು ಕೋರ್ಟು ಸಾಮಾನ್ಯವಾಗಿ ಕೊಡುವುದಿಲ್ಲ. ತಪ್ಪಾಗಿದ್ದರೆ ಆಮೇಲೆ ತಿದ್ದುಪಡಿ ಅರ್ಜಿ ಹಾಕಿದರಾಯಿತು ಎಂಬ ಧೈರ್ಯವೂ ಈಗ ಹೆಚ್ಚು ಕೆಲಸ ಮಾಡದು, ಏಕೆಂದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಂದ ಮತ್ತು 2002ರ ಜುಲೈ 1ರಿಂದ ಜಾರಿಗೆ ಬಂದ ಬದಲಾವಣೆಯಂತೆ, ಸಾಕ್ಷ್ಯ ವಿಚಾರಣೆ ಆರಂಭವಾದ ನಂತರ ತಿದ್ದುಪಡಿ ಬೇಕೆನ್ನುವವರು, ತಕ್ಕ ಎಚ್ಚರಿಕೆ ವಹಿಸಿದ್ದರೂ ಆ ಸಂಗತಿಯನ್ನು ಮೊದಲೇ ಎತ್ತಲು ಸಾಧ್ಯವಾಗಿರಲಿಲ್ಲ ಎಂದು ಮನವರಿಕೆ ಮಾಡಿಕೊಡಬೇಕಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಪಕ್ಕದ ಹೊಲದವನು ನಿಮ್ಮ ಜಮೀನು ತನ್ನದೆಂದು ಹೇಳುತ್ತ ಬಿತ್ತನೆಗೆ ಅಡ್ಡಿ ಮಾಡುತ್ತಾನೆ ಎನ್ನಿ. ಖರ್ಚು ಕಡಿಮೆ, ಕೆಲಸ ಬೇಗ ಎಂಬ ಕಾರಣಕ್ಕೆ ಬರೀ ನಿರ್ಬಂಧಕಾಜ್ಞೆ, ಅಂದರೆ ಅಡ್ಡಿ ಮಾಡಬೇಡ ಎಂಬ ಕೋರ್ಟಿನ ಆದೇಶ, ಕೇಳಿ ದಾವೆ ಹೂಡುವುದು ನಮ್ಮಲ್ಲಿ ರೂಢಿ. ಆದರೆ ಎದುರಾಳಿ ನಿಮ್ಮ ಮಾಲೀಕತ್ವವನ್ನೇ ಗಂಭೀರವಾಗಿ ಪ್ರಶ್ನಿಸಿದಾಗ ಮಾಲೀಕತ್ವದ ಘೋಷಣೆಯನ್ನೂ ಕೇಳಬೇಕು, ತಾಬಾ, ಅಂದರೆ ಸ್ವಾಧೀನ, ಕಳೆದುಕೊಂಡಿದ್ದರೆ ತಾಬಾವನ್ನೂ ಕೇಳಬೇಕು, ಬರೀ ನಿರ್ಬಂಧಕಾಜ್ಞೆಯ ದಾವೆ ಸಾಲದು ಎಂದು ಸುಪ್ರೀಂ ಕೋರ್ಟು 2008ರ ತೀರ್ಪೊಂದರಲ್ಲಿ ವಿವರವಾಗಿ ಹೇಳಿದೆ. ಅದನ್ನು ಗಮನಿಸದೆ ಹೂಡಿದ ದಾವೆಯಲ್ಲಿ ವರ್ಷಗಟ್ಟಲೆ ಸಾಕ್ಷಿ ನಡೆದು, ಕೊನೆಗೆ "ಘೋಷಣೆ ಕೇಳಿಲ್ಲ" ಎಂಬ ಒಂದೇ ಕಾರಣಕ್ಕೆ ಅದು ವಜಾ ಆಗಬಹುದು. ಜಮೀನು ಯಾರದೆಂಬ ಪ್ರಶ್ನೆಗೆ ಅಷ್ಟು ವರ್ಷಗಳ ಮೇಲೂ ಉತ್ತರ ಸಿಕ್ಕಿರುವುದಿಲ್ಲ. ಇನ್ನೊಂದು ದಾವೆ ಹೂಡೋಣವೆಂದರೆ ಅಷ್ಟರಲ್ಲಿ ಕಾಲಮಿತಿ ಮುಗಿದಿರುತ್ತದೆ.

ಕಾಲಮಿತಿಯ ಮಾತು ಬಂದದ್ದರಿಂದ ಅದನ್ನೂ ಇಲ್ಲೇ ಹೇಳುತ್ತೇನೆ. 1963ರ ಕಾಲಮಿತಿ ಅಧಿನಿಯಮದಂತೆ, ಘೋಷಣೆಯ ದಾವೆಗೆ ಹಕ್ಕು ಹುಟ್ಟಿದ ದಿನದಿಂದ ಮೂರು ವರ್ಷ. ಮಾಲೀಕತ್ವದ ಆಧಾರದ ಮೇಲೆ ಸ್ಥಿರಾಸ್ತಿಯ ತಾಬಾ ಕೇಳುವುದಕ್ಕೆ, ಎದುರಾಳಿಯ ತಾಬಾ ನಿಮಗೆ ವಿರುದ್ಧವಾದಂದಿನಿಂದ ಹನ್ನೆರಡು ವರ್ಷ. ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವರಿಗೆ, ಹೊರಗಿಟ್ಟದ್ದು ತಿಳಿದಂದಿನಿಂದ ಹನ್ನೆರಡು ವರ್ಷ. ಮುಂಗಡ ಕೊಟ್ಟು ಬರೆಸಿಕೊಂಡ ಇಸಾರ ಪತ್ರದ ಮೇಲೆ ಖರೀದಿ ಪತ್ರ ಮಾಡಿಸಿಕೊಡಿ ಎಂದು ಕೇಳುವುದಕ್ಕೆ ಮೂರು ವರ್ಷ. ಅಪೀಲು ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಮೂಲ ದಾವೆ ತಡವಾದರೆ ಆ ಕ್ಷಮೆಗೆ ದಾರಿಯಿಲ್ಲ. ಎದುರು ಪಕ್ಷದವರು ಬಾಯಿ ಬಿಡದಿದ್ದರೂ ಕಾಲಮಿತಿ ಮೀರಿದ ದಾವೆಯನ್ನು ಕೋರ್ಟು ತಾನೇ ವಜಾ ಮಾಡಬೇಕು.

ನಮ್ಮ ರೈತರು ಈ ಕಾಲವನ್ನು ಕಳೆದುಕೊಳ್ಳುವುದು ಬಹುತೇಕ ತಹಸೀಲ್ದಾರ ಕಚೇರಿಯಲ್ಲಿ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬಂದರೆ ಹೊಲ ತನ್ನದಾಯಿತು, ಹೆಸರು ಹೋದರೆ ಹೊಲ ಹೋಯಿತು ಎಂಬ ನಂಬಿಕೆ ಇಲ್ಲಿ ಆಳವಾಗಿ ಬೇರೂರಿದೆ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 133ನೆಯ ಕಲಂ, ಹಕ್ಕು ದಾಖಲೆಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕೆಂದಷ್ಟೇ ಹೇಳುತ್ತದೆ. ಆ ನಮೂದು ಮಾಲೀಕತ್ವವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಹೀಗಿದ್ದರೂ ಒಂದು ವರ್ದಿಯ, ಅಂದರೆ ಉತಾರದಲ್ಲಿ ಹೆಸರು ಬದಲಿಸುವ ನಮೂದಿನ, ಮೇಲೆ ತಕರಾರು, ಅದರ ಮೇಲೆ ಉಪವಿಭಾಗಾಧಿಕಾರಿಯವರಲ್ಲಿ ಅಪೀಲು, ಆಮೇಲೆ ಜಿಲ್ಲಾಧಿಕಾರಿಯವರಲ್ಲಿ ಪುನರ್ ಪರಿಶೀಲನೆ, ಅಲ್ಲಿಂದ ಹೈಕೋರ್ಟಿನಲ್ಲಿ ರಿಟ್ ಎಂದು ಸುತ್ತುತ್ತಾರೆ. ಎಲ್ಲ ಮುಗಿದ ಮೇಲೆ ಸಿಗುವ ಆದೇಶದ ಕೊನೆಯ ಸಾಲು ಏನಿರುತ್ತದೆ ಎಂಬುದನ್ನು ಇಲ್ಲಿ ಕುಳಿತ ವಕೀಲ ಮಿತ್ರರು ನನಗಿಂತ ಮೊದಲೇ ಹೇಳಿಯಾರು: "ಪಕ್ಷಗಾರರು ತಮ್ಮ ಹಕ್ಕನ್ನು ಸಿವಿಲ್ ನ್ಯಾಯಾಲಯದಲ್ಲಿ ಸ್ಥಾಪಿಸಿಕೊಳ್ಳತಕ್ಕದ್ದು." ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಲೆಕ್ಕದಿಂದ ಬಿಡಲು ಕಾಲಮಿತಿ ಅಧಿನಿಯಮದಲ್ಲಿ ಅವಕಾಶವಿದೆಯಾದರೂ ವರ್ದಿಯ ಜಗಳದಲ್ಲಿ ಕಳೆದ ಕಾಲಕ್ಕೆ ಅದು ಸಿಕ್ಕೇ ಸಿಗುತ್ತದೆಂದು ನಂಬಿ ಕೂಡುವುದು ಅಪಾಯ. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆಯೆನ್ನಿ. 1974ರ ಮಾರ್ಚ್ 1ರಂದು ಗೇಣಿದಾರ ಯಾರಾಗಿದ್ದ ಎಂಬುದು ಭೂನ್ಯಾಯ ಮಂಡಳಿ ನಿರ್ಧರಿಸಬೇಕಾದ ಪ್ರಶ್ನೆ, ಅದರಲ್ಲಿ ಸಿವಿಲ್ ಕೋರ್ಟು ಕೈಹಾಕುವಂತಿಲ್ಲ.

ಈಗ ವಾಟ್ನಿ ದಾವೆಗೆ ಬರುತ್ತೇನೆ. ಇದರ ವಿಷಯದಲ್ಲಿ ನಮ್ಮ ಭಾಗಕ್ಕೆ ತನ್ನದೇ ಆದ ತೊಡಕುಗಳಿವೆ. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದುದರಿಂದ ಹಳೆಯ ಕಾಗದಗಳಲ್ಲಿ ಮರಾಠಿಯವು ಬಹಳ. ಬೆಳಗಾವಿ ಮತ್ತು ವಿಜಯಪುರದ ಕಡೆಗೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯವೂ ಇನ್ನೂ ಪೆಟ್ಟಿಗೆಗಳಿಂದ ಹೊರಬರುತ್ತವೆ. ಮೋಡಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಂಥ ಕಾಗದ ಮನೆಯಲ್ಲಿದ್ದರೆ, ದಾವೆ ಇರಲಿ ಇಲ್ಲದಿರಲಿ, ಓದಬಲ್ಲವರಿಂದ ಅನುವಾದ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ತೊಡಕು, ಬಾಂಡ್ ಪೇಪರಿನ ಮೇಲೆ ಪಂಚರ ಸಹಿ ಹಾಕಿಸಿ ಬರೆದಿಟ್ಟ ವಾಟ್ನಿ ಪತ್ರ. ಆ ಕಾಗದವೇ ಆಸ್ತಿಯನ್ನು ಭಾಗ ಮಾಡುವಂತಿದ್ದರೆ ಅದಕ್ಕೆ ನೋಂದಣಿ ಬೇಕು, ಸರಿಯಾದ ಮುದ್ರಾಂಕ ಶುಲ್ಕವೂ ಬೇಕು. ನೋಂದಣಿಯಿಲ್ಲದ ಪತ್ರ ವಾಟ್ನಿಯ ಪುರಾವೆಯಾಗದು. ಮುದ್ರಾಂಕ ಕೊರತೆಯಿದ್ದರೆ ಕೋರ್ಟು ಅದನ್ನು ಮುಟ್ಟುಗೋಲು ಹಾಕಿಕೊಂಡು, ಕೊರತೆಯ ಮೊತ್ತ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಸಾಕ್ಷ್ಯದಲ್ಲಿ ಸೇರಿಸಿಕೊಳ್ಳುತ್ತದೆ. ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋದ ವಾಟ್ನಿಯನ್ನು ನೆನಪಿಗಾಗಿ ಬರೆದಿಟ್ಟ ಯಾದಿಗೆ ನೋಂದಣಿ ಬೇಕಿಲ್ಲವೆಂಬುದು ನಿಜ. ಆದರೆ ಒಂದು ಕಾಗದ ಯಾದಿಯೋ ವಾಟ್ನಿ ಪತ್ರವೋ ಎಂಬುದನ್ನು ತೀರ್ಮಾನಿಸುವುದು ಅದರಲ್ಲಿ ಬಳಸಿದ ಕ್ರಿಯಾಪದಗಳು. "ಹಂಚಿಕೊಂಡಿದ್ದೇವೆ" ಎಂದು ಬರೆಯಬೇಕಾದಲ್ಲಿ "ಈ ಪತ್ರದ ಮೂಲಕ ಹಂಚಿಕೊಳ್ಳುತ್ತೇವೆ" ಎಂದು ಬರೆದ ಒಬ್ಬ ಪತ್ರ ಬರಹಗಾರ ಮೂರು ತಲೆಮಾರಿನ ವ್ಯಾಜ್ಯವನ್ನು ಹುಟ್ಟುಹಾಕಬಲ್ಲ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಇವತ್ತಿನ ವಾಟ್ನಿ ದಾವೆಗಳ ಮುಖ್ಯ ಪ್ರಶ್ನೆ ಇದೇ. ಕರ್ನಾಟಕವು 1994ರ ಜುಲೈ 30ರಿಂದಲೇ, ಆ ದಿನಕ್ಕೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಮದುವೆಯಾದವರು ಆಗದವರು ಎಂಬ ಭೇದವೂ ಹೋಯಿತು. ಆದರೆ ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಏನು ಎಂಬ ಪ್ರಶ್ನೆ ಉಳಿಯಿತು. ಈ ಪ್ರಶ್ನೆಯ ಮೇಲೆ ದೇಶದುದ್ದಕ್ಕೂ ಚರ್ಚೆಯಾದ ಒಂದು ತೀರ್ಪಿನ ಮೂಲ ನಮ್ಮ ಪಕ್ಕದ ಬೆಳಗಾವಿಯಲ್ಲಿದೆ. ಅಲ್ಲಿನ ಸಿವಿಲ್ ನ್ಯಾಯಾಲಯದಲ್ಲಿ ಮಗಳೊಬ್ಬಳು ತನ್ನ ಪಾಲಿಗಾಗಿ 1992ರಲ್ಲಿ ದಾವೆ ಹೂಡಿದ್ದಳು. ಅವಳ ತಂದೆ 1988ರಲ್ಲಿ ತೀರಿಕೊಂಡಿದ್ದರು. ದಾವೆ ಹೈಕೋರ್ಟಿನಲ್ಲಿ ಅಪೀಲಿನ ಹಂತದಲ್ಲಿದ್ದಾಗ 2005ರ ತಿದ್ದುಪಡಿ ಬಂತು, ಹೈಕೋರ್ಟು ಅದರ ಲಾಭವನ್ನು ಅವಳಿಗೆ ಕೊಟ್ಟಿತು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ತಿದ್ದುಪಡಿ ಜಾರಿಯಾದ ದಿನ ತಂದೆಯೂ ಮಗಳೂ ಇಬ್ಬರೂ ಬದುಕಿರಬೇಕು ಎಂದಿತು. ಐದು ವರ್ಷಗಳ ತರುವಾಯ, 2020ರ ಆಗಸ್ಟ್ 11ರಂದು, ಮೂವರು ನ್ಯಾಯಮೂರ್ತಿಗಳ ಪೀಠವು ಬೇರೊಂದು ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ತೀರ್ಮಾನಿಸಿತು. ಇದೇ ಈಗಿನ ಕಾನೂನು. ಬೆಳಗಾವಿಯ ಆ ದಾವೆ ಹೂಡಿದ 1992ಕ್ಕೂ ಕಾನೂನು ಸ್ಪಷ್ಟವಾದ 2020ಕ್ಕೂ ನಡುವೆ 28 ವರ್ಷಗಳಿವೆ.

2020ರ ತೀರ್ಪಿನ ಇನ್ನೊಂದು ಭಾಗವನ್ನು ಗಂಡುಮಕ್ಕಳು ಗಮನಿಸಬೇಕು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟಿನ ಡಿಕ್ರಿಯ ಮೂಲಕ ಆದ ವಾಟ್ನಿಗೆ ಮಾತ್ರ ರಕ್ಷಣೆಯಿದೆ. "ನಮ್ಮಲ್ಲಿ ಬಾಯಿಮಾತಿನಲ್ಲೇ ವಾಟ್ನಿ ಆಗಿತ್ತು" ಎಂಬ ಪ್ರತಿವಾದವನ್ನು, ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಹೊರತು, ಒಪ್ಪಲಾಗದು. ಆದ್ದರಿಂದ ತಂಗಿಯರನ್ನು ಬಿಟ್ಟು ಹೂಡಿದ ವಾಟ್ನಿ ದಾವೆ ಎಂದರೆ ಅರ್ಧ ಕಟ್ಟಿದ ದಾವೆ. ಅವಶ್ಯಕ ಪಕ್ಷಗಾರರು ಇಲ್ಲವೆಂಬ ಕಾರಣಕ್ಕೇ ಅದು ಬೀಳಬಹುದು. ಪಾಲುದಾರರು ಎಲ್ಲರೂ ಇರಬೇಕು, ಕುಟುಂಬದ ಆಸ್ತಿಗಳೂ ಎಲ್ಲವೂ ಇರಬೇಕು. ತನ್ನ ತಾಬಾದಲ್ಲಿರುವ ಹೊಲವನ್ನು ದಾವೆಯ ಆಸ್ತಿಗಳ ಪಟ್ಟಿಯಿಂದ ಬಿಟ್ಟು ಉಳಿದದ್ದರಲ್ಲಿ ಮಾತ್ರ ಪಾಲು ಕೇಳುವ ಜಾಣತನ ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಅಡ್ಡಪ್ರಶ್ನೆಗಳ ಮುಂದೆ, ಐದು ನಿಮಿಷವೂ ನಿಲ್ಲುವುದಿಲ್ಲ.

ದಾವೆ ದಾಖಲಾದ ಮೇಲಿನ ನಡೆಯನ್ನು ಚುಟುಕಾಗಿ ಹೇಳುತ್ತೇನೆ. ಪ್ರತಿವಾದಿಗಳಿಗೆ ಸಮನ್ಸ್ ಹೋಗುತ್ತದೆ. ಅವರು 30 ದಿನಗಳೊಳಗೆ, ಕಾರಣ ತೋರಿಸಿದರೆ 90 ದಿನಗಳವರೆಗೆ, ಕೈಫಿಯತ್ತು, ಅಂದರೆ ಲಿಖಿತ ಉತ್ತರ, ಸಲ್ಲಿಸಬೇಕು. ಅಪವಾದವಾಗಿ ಅದಕ್ಕೂ ಮೀರಿ ಸಮಯ ಕೊಡುವ ಅಧಿಕಾರ ಕೋರ್ಟಿಗಿದೆ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು, ಆ ಅಪವಾದವೇ ಈಗ ರೂಢಿಯಂತಾಗಿದೆ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಎರಡೂ ಕಡೆಯ ಬರಹಗಳನ್ನು ಓದಿ ಕೋರ್ಟು ವಿವಾದಾಂಶಗಳನ್ನು ರಚಿಸುತ್ತದೆ, ಆಮೇಲೆ ಪ್ರಮಾಣಪತ್ರದ ಮೂಲಕ ಮುಖ್ಯ ವಿಚಾರಣೆ, ಪಾಟೀಸವಾಲು, ಬೇಕಿದ್ದರೆ ಹೊಲ ಅಳೆಸಲು ಕೋರ್ಟ್ ಕಮಿಷನರ ನೇಮಕ, ವಾದ, ತೀರ್ಪು. ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುದ್ದತ್ತು, ಅಂದರೆ ಮುಂದೂಡಿಕೆ, ಕೊಡಬಾರದೆಂದು ಸಂಹಿತೆಯಲ್ಲಿ ಬರೆದಿದೆ. ಅದು ಹೇಗೆ ಪಾಲನೆಯಾಗುತ್ತಿದೆ ಎಂಬುದು ಕೋರ್ಟಿಗೆ ಓಡಾಡಿದವರಿಗೆ ಗೊತ್ತು. ವಿಳಂಬಕ್ಕೆ ನ್ಯಾಯಾಧೀಶರ ಕೊರತೆ ಒಂದು ಕಾರಣವಾದರೆ, ತಾಬಾದಲ್ಲಿರುವ ಪಕ್ಷಕ್ಕೆ ವಿಳಂಬವೇ ಲಾಭ ಎಂಬುದು ಇನ್ನೊಂದು. ಆ ಲಾಭವನ್ನು ದೊರಕಿಸಿಕೊಡುವುದರಲ್ಲಿ ನಮ್ಮ ವಕೀಲ ವೃತ್ತಿಯ ಪಾಲೂ ಇದೆ ಎಂದು ವಕೀಲನಾಗಿಯೇ ಹೇಳಬೇಕು.

ಹಳ್ಳಿಯ ದಾವೆಗಳಲ್ಲಿ ನಡುವೆ ಒಬ್ಬರು ತೀರಿಕೊಳ್ಳುವುದು ಸಾಮಾನ್ಯ. ತೀರಿಕೊಂಡವರ ವಾರಸುದಾರರನ್ನು 90 ದಿನಗಳೊಳಗೆ ದಾಖಲೆಗೆ ತರಬೇಕು. ತರದಿದ್ದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ, ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಇರುವುದು ಇನ್ನು 60 ದಿನ. ತಿಥಿಯ ಊಟಕ್ಕೆ ಬಂದು ಹೋದ ಮೇಲೂ ವಕೀಲರಿಗೆ ಸಾವಿನ ಸುದ್ದಿ ತಿಳಿಸದ ಕಕ್ಷಿದಾರರು ಇದ್ದಾರೆ.

ಗೆದ್ದರೆ ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟನೆಯ ಪಾಲು ಎಂಬುದನ್ನಷ್ಟೇ ಅದು ಹೇಳುತ್ತದೆ, ಯಾವ ಕಡೆಯ ಹೊಲ ಯಾರಿಗೆ ಎಂಬುದನ್ನಲ್ಲ. ಕಂದಾಯ ಕಟ್ಟುವ ಜಮೀನನ್ನು ಸಂಹಿತೆಯ 54ನೆಯ ಕಲಮಿನಂತೆ ಜಿಲ್ಲಾಧಿಕಾರಿಯವರ ಮೂಲಕ ಅಳೆದು ಭಾಗ ಮಾಡಿಸಬೇಕು. ಮನೆಗಳಾದರೆ ಅಂತಿಮ ಡಿಕ್ರಿ ನಡಾವಳಿಯಲ್ಲಿ ಕಮಿಷನರರಿಂದ ಮಾಡಿಸಬೇಕು. ಪ್ರಾಥಮಿಕ ಡಿಕ್ರಿಯ ದಿನವೇ ಪೇಢೆ ಹಂಚಿ ಊರಿಗೆ ಹೋದವರು ಎಷ್ಟೋ ವರ್ಷ ತಿರುಗಿ ನೋಡದೆ ಇರುವುದುಂಟು. ಹೀಗೆ ಆಗಬಾರದು, ಪ್ರಾಥಮಿಕ ಡಿಕ್ರಿಯಾದ ಕೂಡಲೆ ಪ್ರತ್ಯೇಕ ಅರ್ಜಿಗೆ ಕಾಯದೆ ಅದೇ ದಾವೆಯನ್ನು ಅಂತಿಮ ಡಿಕ್ರಿಗಾಗಿ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ವಿಚಾರಣಾ ನ್ಯಾಯಾಲಯಗಳಿಗೆ ನಿರ್ದೇಶನ ಕೊಟ್ಟಿದೆ. ನಿಮ್ಮ ದಾವೆಯಲ್ಲಿ ಹಾಗೆ ಆಗುತ್ತಿದೆಯೇ ಎಂಬುದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣವನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ಮನೆಯಲ್ಲಿಯೇ ನೋಡಬಹುದು. ಸಂಖ್ಯೆ ಗೊತ್ತಿಲ್ಲದಿದ್ದರೆ ನಿಮ್ಮ ವಕೀಲರನ್ನು ಕೇಳಿ ಪಡೆಯಿರಿ, ಕೇಳುವುದರಲ್ಲಿ ಸಂಕೋಚವೇನಿಲ್ಲ.

ಅಪೀಲಿನ ಬಗ್ಗೆ ಒಂದೇ ಮಾತು. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ನಮ್ಮವರೂ ವಿಜಯಪುರದವರೂ ಈಗ ಬೇರೆ ಬೇರೆ ದಿಕ್ಕಿಗೆ ಹೋಗುತ್ತೇವೆ: ಬಾಗಲಕೋಟೆ ಮತ್ತು ಬೆಳಗಾವಿಯ ಅಪೀಲುಗಳು ಧಾರವಾಡ ಪೀಠಕ್ಕೆ, ವಿಜಯಪುರದವು ಕಲಬುರಗಿ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಈ ಎರಡು ಪೀಠಗಳು ಬರುವ ಮೊದಲು ಹೈಕೋರ್ಟಿನ ಪ್ರತಿಯೊಂದು ಅಪೀಲಿಗೂ ಬೆಂಗಳೂರಿನ ರೈಲು ಹತ್ತಬೇಕಿತ್ತು.

ಭೂಸ್ವಾಧೀನದ ವ್ಯಾಜ್ಯದ ಸ್ವರೂಪ ಬೇರೆ. ಇಲ್ಲಿ ಜಮೀನು ಹೋಗುತ್ತದೆ ಎಂಬುದರಲ್ಲಿ ವಿವಾದವಿಲ್ಲ, ಬೆಲೆ ಎಷ್ಟು ಎಂಬುದೊಂದೇ ಪ್ರಶ್ನೆ. 2013ರ ಕೊನೆಯವರೆಗೆ ನಡೆದದ್ದು 1894ರ ಕಾಯ್ದೆ. ಅದರಂತೆ ಭೂಸ್ವಾಧೀನಾಧಿಕಾರಿ ಮಾಡಿದ ಐತೀರ್ಪಿನ, ಅಂದರೆ ಪರಿಹಾರ ನಿಗದಿಯ ಆದೇಶದ, ಮೊತ್ತ ಒಪ್ಪಿಗೆಯಾಗದವರು 18ನೆಯ ಕಲಮಿನ ಕೆಳಗೆ ಅರ್ಜಿ ಕೊಟ್ಟು ಪ್ರಕರಣವನ್ನು ಸಿವಿಲ್ ಕೋರ್ಟಿಗೆ ಕಳುಹಿಸುವಂತೆ ಕೇಳಬೇಕಿತ್ತು, ಕರ್ನಾಟಕದ ತಿದ್ದುಪಡಿಯಂತೆ ನೋಟಿಸು ಜಾರಿಯಾದ 90 ದಿನಗಳೊಳಗೆ. ಹಣ ತೆಗೆದುಕೊಳ್ಳುವಾಗ "ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆಯದವನಿಗೆ ಆ ಹಕ್ಕೂ ಇರಲಿಲ್ಲ. ಒಂದೇ ಊರಿನ, ಒಂದೇ ಮಣ್ಣಿನ, ಒಂದೇ ಅಧಿಸೂಚನೆಯಲ್ಲಿ ಹೋದ ಎರಡು ಹೊಲಗಳಿಗೆ ಕೊನೆಗೆ ಬೇರೆ ಬೇರೆ ಬೆಲೆ ಬರಲು ಆ ಎರಡು ಪದಗಳೇ ಸಾಕಾಗಿದ್ದವು.

ಕೋರ್ಟಿಗೆ ಬಂದ ಮೇಲೆ ಬೆಲೆ ಸಾಬೀತು ಮಾಡುವ ಹೊರೆ ರೈತನದು. ಸುತ್ತಲಿನ ಜಮೀನುಗಳ ಖರೀದಿ ಪತ್ರಗಳ ದೃಢೀಕೃತ ಪ್ರತಿಗಳು ಒಂದು ದಾರಿ. ಆದರೆ ಮುದ್ರಾಂಕ ಉಳಿಸಲು ನಾವೇ ಖರೀದಿ ಪತ್ರಗಳಲ್ಲಿ ಬೆಲೆ ಇಳಿಸಿ ಬರೆಸಿರುತ್ತೇವೆ, ಮುಳುಗಡೆಯ ದಿನ ಆ ಸುಳ್ಳು ನಮ್ಮ ಮೇಲೆಯೇ ತಿರುಗಿ ಬೀಳುತ್ತದೆ. ಇನ್ನೊಂದು ದಾರಿ ಉತ್ಪನ್ನದ ಲೆಕ್ಕ. ಎಕರೆಗೆ ಬರುವ ಇಳುವರಿ, ಆ ವರ್ಷದ ಎಪಿಎಂಸಿ ದರ ಅಥವಾ ಕಾರ್ಖಾನೆ ಕೊಟ್ಟ ಕಬ್ಬಿನ ದರ, ಅದರಲ್ಲಿ ಸಾಮಾನ್ಯವಾಗಿ ಅರ್ಧವನ್ನು ಬೇಸಾಯದ ಖರ್ಚೆಂದು ಕಳೆದು, ಉಳಿದ ನಿವ್ವಳ ವಾರ್ಷಿಕ ಆದಾಯವನ್ನು ಹತ್ತರಿಂದ ಗುಣಿಸಿದರೆ ಬರುವುದು ಎಕರೆಯ ಬೆಲೆ. ಇದಕ್ಕೆ ಬೇಕಾದ ಕಾಗದಗಳು ಬಹಳ ಸಾದಾ: ಬೆಳೆ ನಮೂದಿರುವ ಉತಾರ, ಕಬ್ಬಿನ ಬಿಲ್ಲು, ಬಾವಿ ಅಥವಾ ಪಂಪ್‌ಸೆಟ್ಟಿನ ದಾಖಲೆ. ಉತಾರದಲ್ಲಿ ಜೋಳವೆಂದು ಬರೆದಿರುವ ಹೊಲದಲ್ಲಿ ಕಬ್ಬು ಬೆಳೆಯುತ್ತಿದ್ದೆ ಎಂದು ಬಾಯಿಮಾತಿನಲ್ಲಿ ಹೇಳಿದವನನ್ನು ಕೋರ್ಟು ಹೇಗೆ ನಂಬಬೇಕು? ಬೆಳೆ ಕಾಲಂ ತಪ್ಪಿದ್ದರೆ ಅದನ್ನು ತಿದ್ದಿಸುವ ಕಾಲ ಅಧಿಸೂಚನೆ ಬರುವುದಕ್ಕೆ ಮೊದಲು.

ಹೆಚ್ಚಿದ ಬೆಲೆಯ ಮೇಲೆ ಹಳೆಯ ಕಾಯ್ದೆಯಲ್ಲಿ ಶೇಕಡಾ 30ರಷ್ಟು ಸಾಂತ್ವನಧನ (ಒತ್ತಾಯದಿಂದ ಜಮೀನು ಪಡೆದದ್ದಕ್ಕೆ ಕೊಡುವ ಹೆಚ್ಚಿನ ಹಣ), ವರ್ಷಕ್ಕೆ ಶೇಕಡಾ 12ರಂತೆ ಹೆಚ್ಚುವರಿ ಮೌಲ್ಯ, ತಾಬಾ ಹೋದ ಮೊದಲ ವರ್ಷಕ್ಕೆ ಶೇಕಡಾ 9 ಮತ್ತು ಆಮೇಲೆ ಶೇಕಡಾ 15 ಬಡ್ಡಿ ಸೇರುತ್ತಿತ್ತು. ಹಾಗಾಗಿಯೇ ಹತ್ತಿಪ್ಪತ್ತು ವರ್ಷ ಎಳೆದ ಪ್ರಕರಣಗಳಲ್ಲಿ ಸರ್ಕಾರಕ್ಕೆ ಅಸಲಿಗಿಂತ ಬಡ್ಡಿಯೇ ಭಾರವಾಯಿತು. ಅರ್ಜಿಯನ್ನೇ ಕೊಡದಿದ್ದವರಿಗೂ ಒಂದು ಬಾಗಿಲಿತ್ತು. ಅದೇ ಅಧಿಸೂಚನೆಯಲ್ಲಿ ಜಮೀನು ಕೊಟ್ಟ ನೆರೆಯವನಿಗೆ ಕೋರ್ಟು ಹೆಚ್ಚಿಸಿದರೆ, ಆ ತೀರ್ಪಿನ ಮೂರು ತಿಂಗಳೊಳಗೆ ತಮಗೂ ಹೆಚ್ಚಿಸಿಕೊಡಿ ಎಂದು 28-ಎ ಕಲಮಿನಂತೆ ಕೇಳಬಹುದಿತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಕಾಯ್ದೆಯ 73ನೆಯ ಕಲಮಿನಲ್ಲೂ ಇದೇ ಏರ್ಪಾಡಿದೆ. ಹೊಸ ಕಾಯ್ದೆಯಲ್ಲಿ ಸಾಂತ್ವನಧನ ಶೇಕಡಾ 100 ಆಗಿದೆ. ಐತೀರ್ಪಿನ ದಿನ ಹಾಜರಿದ್ದವರು ಆರು ವಾರಗಳೊಳಗೆ, ಉಳಿದವರು ನೋಟಿಸು ಬಂದ ಆರು ವಾರ ಅಥವಾ ಐತೀರ್ಪಿನ ಆರು ತಿಂಗಳು, ಯಾವುದು ಮೊದಲೋ ಅದರೊಳಗೆ 64ನೆಯ ಕಲಮಿನ ಅರ್ಜಿ ಕೊಡಬೇಕು. ಸಕಾರಣವಿದ್ದರೆ ಇನ್ನೊಂದು ವರ್ಷದವರೆಗೆ ಅದನ್ನು ಪರಿಗಣಿಸಬಹುದು.

ಡಿಕ್ರಿ ಕೈಗೆ ಬಂದ ಮೇಲೆ ಉಳಿಯುವುದು ದರಖಾಸ್ತು, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಲು ಕೊಡುವ ಅರ್ಜಿ. ಭಾರತದ ಕಕ್ಷಿದಾರನ ಕಷ್ಟಗಳು ಡಿಕ್ರಿ ಪಡೆದ ಮೇಲೆಯೇ ಆರಂಭವಾಗುತ್ತವೆ ಎಂಬ ಅರ್ಥದ ಮಾತನ್ನು ಬ್ರಿಟಿಷರ ಕಾಲದ ಅತ್ಯುನ್ನತ ಅಪೀಲು ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲಿಯೇ ಆಡಿತ್ತು. ದರಖಾಸ್ತುಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. 2025ರಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ ದೇಶದಲ್ಲಿ 8 ಲಕ್ಷ 82 ಸಾವಿರಕ್ಕೂ ಹೆಚ್ಚು ದರಖಾಸ್ತುಗಳು ಬಾಕಿಯಿದ್ದವು. ಹಣದ ಡಿಕ್ರಿ ಮತ್ತು ತಾಬಾದ ಡಿಕ್ರಿಗಳಿಗೆ ದರಖಾಸ್ತಿನ ಅವಧಿ ಹನ್ನೆರಡು ವರ್ಷ. ಪರಿಹಾರದ ಹಣ ಕಟ್ಟದ ಸರ್ಕಾರಿ ಕಚೇರಿಗಳ ಜೀಪು, ಕುರ್ಚಿ, ಕಂಪ್ಯೂಟರುಗಳನ್ನು ಕೋರ್ಟಿನ ಸಿಬ್ಬಂದಿಯಾದ ಬೇಲಿಫರು ಜಪ್ತಿ ಮಾಡುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ಓದಿದವರಿಗೆ ಸಮಾಧಾನವೂ ಆಗುತ್ತದೆ. ಆ ಜೀಪನ್ನು ಹರಾಜು ಹಾಕಿದರೂ ಒಂದು ಎಕರೆಯ ಪರಿಹಾರ ಹುಟ್ಟುವುದಿಲ್ಲವೆಂಬುದು ಬೇರೆ ಮಾತು, ಜಪ್ತಿಯ ಉದ್ದೇಶ ಅಧಿಕಾರಿಗಳನ್ನು ಅಲುಗಾಡಿಸುವುದು.

ತಾಬಾದ ದರಖಾಸ್ತಿನಲ್ಲಿ ಬೇಲಿಫ ಹೊಲಕ್ಕೆ ಹೋದಾಗ ಅವನ ಕೈಯಲ್ಲಿರುವುದು ಡಿಕ್ರಿಯ ಪ್ರತಿ, ಅದರಲ್ಲಿರುವುದು ವಾದಪತ್ರದಿಂದ ಹಾಗೆಯೇ ಇಳಿಸಿಕೊಂಡ ಚಕ್ಕುಬಂದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂಬುದನ್ನು ದಾವೆ ಹೂಡುವ ದಿನ ಅವಸರದಲ್ಲಿ ತಪ್ಪಾಗಿ ಬರೆಸಿದ್ದರೆ, ಎಲ್ಲ ಕೋರ್ಟುಗಳಲ್ಲಿ ಗೆದ್ದ ಮೇಲೂ ಬೇಲಿಫ "ಜಾಗ ಗುರುತಿಸಲಾಗಲಿಲ್ಲ" ಎಂದು ವರದಿ ಬರೆದು ಮರಳುತ್ತಾನೆ. ಆರಂಭದಲ್ಲಿ ನಾನು ಹೇಳಿದ ಮೊದಲ ಕಾಗದ ಇದೇ. ವಾದಪತ್ರಕ್ಕೆ ಸಹಿ ಹಾಕುವ ಮುನ್ನ ಚಕ್ಕುಬಂದಿಯನ್ನು ಜೋರಾಗಿ ಓದಿಸಿ ಕೇಳಿ, ಮೋಜಣಿ (ಸರ್ವೆ) ನಕ್ಷೆಯೊಂದಿಗೆ ತಾಳೆ ನೋಡಿ.

ರಾಜಿಯ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲವಾದ್ದರಿಂದ ಅದನ್ನೂ ಹೇಳುತ್ತೇನೆ. ಲೋಕ ಅದಾಲತ್ತಿನ ರಾಜಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಶುಲ್ಕ ಮರಳುತ್ತದೆ, ಅದರ ಮೇಲೆ ಅಪೀಲಿಲ್ಲ. ಅಪೀಲಿಲ್ಲ ಎಂಬುದನ್ನು ಅನುಕೂಲವೆಂದು ಎಲ್ಲರೂ ಹೇಳುತ್ತಾರೆ. ಓದದೆ ಸಹಿ ಹಾಕಿದವರಿಗೆ, ವಿಶೇಷವಾಗಿ ಹಬ್ಬಕ್ಕೆ ತವರಿಗೆ ಬಂದಾಗ ಅಣ್ಣನ ಮಾತಿಗೆ ಕೋರ್ಟಿಗೆ ಬಂದು ಸಹಿ ಹಾಕಿ ಹೋಗುವ ತಂಗಿಯರಿಗೆ ಅದೇ ಗಂಡಾಂತರ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಿಗುತ್ತದೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಅಣ್ಣನ ವಕೀಲರೇ ತಂಗಿಯ ಪರವಾಗಿಯೂ ವಕಾಲತ್ತು ಹಾಕುವ ಪದ್ಧತಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮಲ್ಲಿ ಅನೇಕರ ಮುಂದಿರುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ ಪ್ರಶ್ನೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವುದಕ್ಕಾಗಿ ಮುಳುಗುವ ಜಮೀನಿಗೆ, ಒಪ್ಪಿಗೆಯ ಐತೀರ್ಪಿನ ಮೂಲಕ ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಒಪ್ಪಬೇಕೇ, ಕೋರ್ಟಿಗೆ ಹೋಗಬೇಕೇ ಎಂದು ಕೇಳುವವರಿಗೆ ಒಂದೇ ಉತ್ತರ ಕೊಡಲಾರೆ. ಒಪ್ಪಿಗೆಗೆ ಸಹಿ ಹಾಕಿದ ಮೇಲೆ ಬೆಲೆ ಹೆಚ್ಚಿಸಿ ಎಂದು ಕೇಳುವ ದಾರಿ ಮುಚ್ಚುತ್ತದೆ, ಕೋರ್ಟಿನ ದಾರಿ ಹಿಡಿದರೆ ಹತ್ತಾರು ವರ್ಷ ಬೇಕಾದೀತು ಮತ್ತು ಬೆಲೆಯ ಹೊರೆ ನಿಮ್ಮ ಮೇಲೆಯೇ ಇರುತ್ತದೆ. ಮೇಲೆ ಹೇಳಿದ ಕಬ್ಬಿನ ಬಿಲ್ಲು, ಖರೀದಿ ಪತ್ರಗಳನ್ನು ಮುಂದಿಟ್ಟುಕೊಂಡು ಕಾಯ್ದೆಯಂತೆ ನಿಮ್ಮ ಎಕರೆಗೆ ಎಷ್ಟಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿಸಿ, ಆಮೇಲೆ ಆ ದರದೊಂದಿಗೆ ಹೋಲಿಸಿ.

ಅದಕ್ಕೂ ಮೊದಲು ಉತಾರದಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ. ಹಿರಿಯಣ್ಣನೊಬ್ಬನ ಹೆಸರಿದ್ದು ತಮ್ಮಂದಿರದೂ ತಂಗಿಯರದೂ ಇಲ್ಲದಿದ್ದರೆ, ಹಣ ಬರುವ ಸುದ್ದಿ ಹಬ್ಬಿದ ವಾರದಲ್ಲಿಯೇ ವಾಟ್ನಿ ದಾವೆ ಬೀಳುತ್ತದೆ, ಪರಿಹಾರಕ್ಕೆ ತಡೆ ಬರುತ್ತದೆ. ಹಂಚಿಕೆಯ ತಕರಾರು 2013ರ ಕಾಯ್ದೆಯ 76ನೆಯ ಕಲಮಿನಂತೆ ಆ ಕಾಯ್ದೆಯ ಕೆಳಗಿನ ಪ್ರಾಧಿಕಾರಕ್ಕೆ ಹೋಗುತ್ತದೆ, ಮೊತ್ತವೂ ಅಲ್ಲಿಯೇ ಠೇವಣಿಯಾಗುತ್ತದೆ. ಹೊಲ ನೀರಿನೊಳಗೆ ಹೋಗಿರುತ್ತದೆ, ದಾವೆ ಮಾತ್ರ ಆ ಠೇವಣಿಯ ಮೇಲೆ ನಡೆಯುತ್ತಿರುತ್ತದೆ. ಎಲ್ಲ ಪಾಲುದಾರರೂ ಸೇರಿ ನೋಂದಾಯಿತ ವಾಟ್ನಿ ಪತ್ರ ಮಾಡಿಸಿ ಅದರಂತೆ ವರ್ದಿ ಹಾಕಿಸಿಕೊಳ್ಳಲು ನಿಮಗಿರುವ ಕಾಲ ಪ್ರಾಥಮಿಕ ಅಧಿಸೂಚನೆ ಹೊರಬೀಳುವವರೆಗೆ ಮಾತ್ರ, ಏಕೆಂದರೆ ಅದು ಹೊರಬಿದ್ದ ಮೇಲೆ ಜಿಲ್ಲಾಧಿಕಾರಿಯವರ ಅನುಮತಿಯಿಲ್ಲದೆ ಆ ಜಮೀನಿನ ಮೇಲೆ ಯಾವ ವ್ಯವಹಾರವನ್ನೂ ಮಾಡುವಂತಿಲ್ಲ.